ಎಲೆ ಕಡು ಹಸಿರಾದ ಮಾತ್ರಕ್ಕೆ ಇಳುವರಿ ಹೆಚ್ಚೀತೇ? ಟಾನಿಕ್, ಸಸ್ಯ ಹಾರ್ಮೋನು ಮತ್ತು ರುಬಿಸ್ಕೊ

ರೈತರು ‘ಟಾನಿಕ್’ ಎಂದು ಕರೆಯುವ, ಸರ್ಕಾರಿ ಕಡತದಲ್ಲಿ ಜೈವಿಕ ಉತ್ತೇಜಕ ಎನಿಸಿಕೊಳ್ಳುವ ಉತ್ಪನ್ನಗಳ ತಾತ್ಕಾಲಿಕ ನೋಂದಣಿಯ ಅವಧಿ 2025ರ ಜೂನ್ 16ಕ್ಕೆ ಮುಗಿಯಿತು. ಅಧಿಸೂಚಿತ ಪಟ್ಟಿಯಲ್ಲಿ ಹೆಸರಿಲ್ಲದ ಬಾಟಲಿಯನ್ನು ಅಂದಿನಿಂದ ಮಾರುವಂತಿಲ್ಲ. ಕೆಲವು ವರ್ಷಗಳ ಹಿಂದೆ ಸುಮಾರು 30,000 ಉತ್ಪನ್ನಗಳು ಯಾವ ತಪಾಸಣೆಯೂ ಇಲ್ಲದೆ ಮಾರಾಟವಾಗುತ್ತಿದ್ದವು, ಕಳೆದ ನಾಲ್ಕು ವರ್ಷಗಳಲ್ಲೂ ಸುಮಾರು 8,000 ಉಳಿದಿದ್ದವು, ಬಿಗಿ ಮಾಡಿದ ಮೇಲೆ ಸುಮಾರು 650ಕ್ಕೆ ಇಳಿದಿವೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅದೇ ಜುಲೈನಲ್ಲಿ ಹೇಳಿದರು. ಯೂರಿಯಾ, ಡಿಎಪಿ ಕೊಡಬೇಕಾದರೆ ಇದನ್ನೂ ಕೊಳ್ಳಲೇಬೇಕು ಎಂದು ರೈತರ ಕೈಗೆ ಬಾಟಲಿ ತುರುಕುವ ‘ಲಿಂಕ್’ ವ್ಯವಹಾರವನ್ನು ತಡೆಯುವಂತೆ ರಾಜ್ಯಗಳಿಗೂ ಪತ್ರ ಹೋಯಿತು.

ಸುದ್ದಿ ಓದಿದವರಲ್ಲಿ ಗೊಂದಲ ಹುಟ್ಟಿದ್ದು ಸಹಜ. ಹೊಡೆದ ನಾಲ್ಕೇ ದಿನಕ್ಕೆ ಎಲೆ ಕಡು ಹಸಿರಾಗುವುದನ್ನು ಎಷ್ಟೋ ರೈತರು ಹೊಲದಲ್ಲೇ ಕಂಡಿದ್ದಾರೆ. ಕಣ್ಣಿಗೆ ಕಾಣುವ ಗುಣವಿರುವ ಔಷಧಿಗೆ ನಿಷೇಧವೇಕೆ? ಗುಣವೇ ಇಲ್ಲದಿದ್ದರೆ ಹಸಿರು ಬಂದದ್ದು ಎಲ್ಲಿಂದ? ಇದಕ್ಕೆ ಉತ್ತರ ಎಲೆಯ ಒಳಗಿದೆ. ಹಾರ್ಮೋನುಗಳಿಗೂ ದ್ಯುತಿಸಂಶ್ಲೇಷಣೆಯ ಕಿಣ್ವಗಳಿಗೂ ಇರುವ ಸಂಬಂಧ ತಿಳಿದರೆ ಯಾವ ಬಾಟಲಿ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ದುಡ್ಡು ದಂಡ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಎಲೆಯ ಮುಖ್ಯ ಆಳು: ರುಬಿಸ್ಕೊ

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ಹಾದಿಗೆ ಸೇರಿಸುವ ಕಿಣ್ವವೇ ರುಬಿಸ್ಕೊ. ಇದು ಬಲು ನಿಧಾನಿ. ಒಂದು ಸೆಕೆಂಡಿಗೆ ಅದು ಹಿಡಿಯುವುದು ಕೆಲವೇ ಅಣುಗಳನ್ನು, ಅದರಲ್ಲೂ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ವೇಗದ ಕೊರತೆಯನ್ನು ಗಿಡ ಸಂಖ್ಯೆಯಿಂದ ತುಂಬಿಕೊಳ್ಳುತ್ತದೆ. ಹಾಗಾಗಿ ಭತ್ತ, ಗೋಧಿ, ಸೋಯಾ, ಮೆಣಸಿನಕಾಯಿಯಂಥ ಬೆಳೆಗಳ ಎಲೆಯಲ್ಲಿ ಕರಗುವ ಪ್ರೋಟೀನಿನ ಅರ್ಧದಷ್ಟು ಇದೊಂದೇ ಕಿಣ್ವ. ಎಲೆಯ ಒಟ್ಟು ಸಾರಜನಕದ ಶೇಕಡ 20ರಿಂದ 30ರಷ್ಟು ಇದರಲ್ಲೇ ಕೂಡಿರುತ್ತದೆ.

ಇದರ ರಚನೆಯಲ್ಲಿ ಎಂಟು ದೊಡ್ಡ ತುಂಡುಗಳು, ಎಂಟು ಸಣ್ಣ ತುಂಡುಗಳು. ದೊಡ್ಡದರ ಜೀನ್ ಎಲೆಯ ಹಸಿರು ಕಣವಾದ ಹರಿದ್ರೇಣುವಿನ ಒಳಗೇ ಇದೆ, ಸಣ್ಣದರ ಜೀನುಗಳು ಕೋಶಕೇಂದ್ರದಲ್ಲಿವೆ. ಎರಡು ಕಡೆಯ ಉತ್ಪಾದನೆ ತಾಳೆಯಾಗಬೇಕು. ಕಿಣ್ವ ತಯಾರಾದರೆ ಸಾಲದು, ಅದು ಚುರುಕಾಗಲು ಮೆಗ್ನೀಸಿಯಂ ಬೇಕು. ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುವ ಸಕ್ಕರೆ ಅಣುಗಳನ್ನು ಬಿಡಿಸಲು ರುಬಿಸ್ಕೊ ಆಕ್ಟಿವೇಸ್ ಎಂಬ ಇನ್ನೊಂದು ಪ್ರೋಟೀನು ಬೇಕು. ಈ ಆಕ್ಟಿವೇಸ್ ಬಿಸಿಗೆ ಬೇಗ ಸೋಲುತ್ತದೆ. ಬಹಳಷ್ಟು ಬೆಳೆಗಳಲ್ಲಿ ಎಲೆಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದರ ಕೆಲಸ ಕುಂದತೊಡಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎಲೆ ಹಸಿರಾಗಿದ್ದೂ ಮಧ್ಯಾಹ್ನ ಕೈಕಟ್ಟಿ ಕೂರುವುದಕ್ಕೆ ಇದೂ ಒಂದು ಕಾರಣ.

ಟಾನಿಕ್ ವಿಚಾರಕ್ಕೆ ನೇರವಾಗಿ ತಾಗುವ ಇನ್ನೊಂದು ಸಂಗತಿ ಇದೆ. ಭತ್ತದ ಎಲೆಯಲ್ಲಿ ರುಬಿಸ್ಕೊ ತಯಾರಾಗುವುದು ಹೆಚ್ಚಾಗಿ ಎಲೆ ಬಿಚ್ಚಿಕೊಳ್ಳುವ ಕಾಲದಲ್ಲಿ. ಎಲೆ ಪೂರ್ತಿ ಹರಡಿದ ಹೊತ್ತಿಗೆ ಅದರ ಪ್ರಮಾಣ ಗರಿಷ್ಠಕ್ಕೆ ಮುಟ್ಟಿರುತ್ತದೆ. ಆಮೇಲೆ ಹೊಸ ತಯಾರಿಕೆ ತೀರ ಕಡಿಮೆ, ಒಡೆಯುವ ಕೆಲಸವೇ ಹೆಚ್ಚು. ಒಡೆದ ರುಬಿಸ್ಕೊದ ಸಾರಜನಕ ತೆನೆಗೆ ಸಾಗುತ್ತದೆ. ಅಂದರೆ ರುಬಿಸ್ಕೊ ಕಿಣ್ವವೂ ಹೌದು, ಗಿಡದ ಸಾರಜನಕದ ಕಣಜವೂ ಹೌದು. ಬಲಿತ ಎಲೆಗೆ ಏನು ಹೊಡೆದರೂ ಈ ಒಡೆಯುವಿಕೆಯನ್ನು ತುಸು ಮುಂದೂಡಬಹುದೇ ಹೊರತು ಕಣಜವನ್ನು ಮತ್ತೆ ತುಂಬಿಸುವುದು ಕಷ್ಟ.

ಹಾರ್ಮೋನು ಮಾಡುವುದೇನು?

ಸಸ್ಯ ಹಾರ್ಮೋನುಗಳು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ ಸಂದೇಶವಾಹಕಗಳು. ಯಾವ ಜೀನು ಚುರುಕಾಗಬೇಕು, ಯಾವ ಪ್ರೋಟೀನು ಒಡೆಯಬೇಕು ಎಂದು ಹೇಳುವುದು ಅವುಗಳ ಕೆಲಸ. ಕಚ್ಚಾ ಸಾಮಗ್ರಿ ಅವು ತರುವುದಿಲ್ಲ. ಇಟ್ಟಿಗೆ, ಸಿಮೆಂಟು ಬಂದು ಬಿದ್ದಿರದ ಕಡೆ ಮೇಸ್ತ್ರಿ ಎಷ್ಟು ಕೂಗಿದರೂ ಗೋಡೆ ಏಳುವುದಿಲ್ಲ.

ಇದಕ್ಕೆ ಸ್ಪಷ್ಟ ಸಾಕ್ಷಿ ಮುಸುಕಿನ ಜೋಳದಲ್ಲಿ ಸಿಕ್ಕಿದೆ. ಮುಸುಕಿನ ಜೋಳ, ಕಬ್ಬು, ಬಿಳಿಜೋಳ, ರಾಗಿಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿಯುವುದು ರುಬಿಸ್ಕೊ ಅಲ್ಲ, ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವ. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಸಾರಜನಕದ ಕೊರತೆಯಲ್ಲಿ ಬೆಳೆದ ಮುಸುಕಿನ ಜೋಳದ ಎಲೆಗಳನ್ನು ಕಿತ್ತು ಅವಕ್ಕೆ ಸಾರಜನಕ ಕೊಟ್ಟು ನೋಡಿದರು. ಈ ಕಿಣ್ವದ ಜೀನು ಚೆನ್ನಾಗಿ ಎದ್ದು ಕೂರಲು ಸಾರಜನಕದ ಜೊತೆಗೆ ಸೈಟೊಕೈನಿನ್ ಎಂಬ ಹಾರ್ಮೋನೂ ಬೇಕಾಯಿತು. ಹೊಲದಲ್ಲಿ ನಡೆಯುವುದೂ ಹೀಗೆಯೇ. ಬೇರಿಗೆ ಸಾರಜನಕ ಸಿಕ್ಕಾಗ ಅಲ್ಲಿ ಸೈಟೊಕೈನಿನ್ ಹೆಚ್ಚು ತಯಾರಾಗಿ ರಸದ ಜೊತೆ ಎಲೆಗೆ ಏರುತ್ತದೆ. ಗೊಬ್ಬರ ಬಂದಿದೆ, ಕಿಣ್ವ ಕಟ್ಟು ಎಂಬ ಸುದ್ದಿ ಅದು. ಹಾವೇರಿ, ದಾವಣಗೆರೆ ಕಡೆಯ ಮುಸುಕಿನ ಜೋಳದ ರೈತ ಮೊಣಕಾಲೆತ್ತರದ ಬೆಳೆಗೆ ಹದವರಿತು ಮೇಲುಗೊಬ್ಬರ ಕೊಟ್ಟರೆ ಹಾರ್ಮೋನನ್ನು ಬೇರೇ ತಯಾರಿಸಿಕೊಳ್ಳುತ್ತದೆ.

ಸೈಟೊಕೈನಿನ್‌ನ ಇನ್ನೊಂದು ಗುಣ ಎಲೆಯ ಮುಪ್ಪನ್ನು ತಡೆಯುವುದು. ಕಿತ್ತ ಎಲೆಯ ಮೇಲೆ ಕೈನೆಟಿನ್ ಎಂಬ ಸೈಟೊಕೈನಿನ್ ಹಚ್ಚಿದರೆ ಪ್ರೋಟೀನು ಬೇಗ ಕರಗುವುದಿಲ್ಲ ಎಂಬುದು 1957ರಲ್ಲೇ ತಿಳಿದಿತ್ತು. 1995ರಲ್ಲಿ ಅಮೆರಿಕದಲ್ಲಿ, ಎಲೆಗೆ ವಯಸ್ಸಾಗುವಾಗ ಮಾತ್ರ ಸೈಟೊಕೈನಿನ್ ತಯಾರಿಸುವ ತಂಬಾಕು ಗಿಡವನ್ನು ರೂಪಿಸಿದರು. ಅದರ ಕೆಳಗಿನ ಎಲೆಗಳೂ ಬಹುಕಾಲ ಹಸಿರಾಗಿ ದ್ಯುತಿಸಂಶ್ಲೇಷಣೆ ಮುಂದುವರಿಸಿದವು.

ಬ್ರಾಸಿನೊಸ್ಟೀರಾಯ್ಡ್‌ಗಳು ಇನ್ನೊಂದು ಗುಂಪು. ಸೌತೆ ಗಿಡದ ಮೇಲೆ ಚೀನಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಎಪಿಬ್ರಾಸಿನೊಲೈಡ್ ಸಿಂಪಡಿಸಿದಾಗ ದ್ಯುತಿಸಂಶ್ಲೇಷಣೆ ಮೂರು ಗಂಟೆಯಲ್ಲೇ ಏರಿ ಏಳು ದಿನ ಹಾಗೇ ಉಳಿಯಿತು. ರುಬಿಸ್ಕೊ ಚುರುಕಾಯಿತು, ಅದರ ಜೀನುಗಳ ಕೆಲಸವೂ ಹೆಚ್ಚಿತು. ಹಾರ್ಮೋನು ಸಿಂಪಡಣೆಯಿಂದ ಕಿಣ್ವದ ಮೇಲೆ ಪರಿಣಾಮವೇ ಇಲ್ಲ ಎನ್ನುವವರು ಈ ಪ್ರಯೋಗವನ್ನು ಗಮನಿಸಬೇಕು. ಆದರೆ ಅವು ನೀರು, ಗೊಬ್ಬರ ಎರಡಕ್ಕೂ ಕೊರತೆಯಿಲ್ಲದಂತೆ ಆರೈಕೆ ಪಡೆದ ಗಿಡಗಳು ಎಂಬುದನ್ನೂ ಮರೆಯಬಾರದು.

ಎದುರು ದಿಕ್ಕಿನಲ್ಲಿ ಎಳೆಯುವ ಹಾರ್ಮೋನುಗಳೂ ಇವೆ. ನೆಲ ಒಣಗಿದಾಗ ಅಬ್ಸಿಸಿಕ್ ಆಮ್ಲ ಹೆಚ್ಚಿ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ರಂಧ್ರ ಮುಚ್ಚಿದರೆ ಒಳಗೆ ಕಿಣ್ವ ಎಷ್ಟಿದ್ದರೂ ಹಿಡಿಯಲು ಗಾಳಿಯೇ ಸಿಗದು. ಬರದಲ್ಲಿ ಮೊದಲು ಅಡ್ಡಬರುವುದು ಸಾಮಾನ್ಯವಾಗಿ ಈ ಬಾಗಿಲೇ. ಎಥಿಲೀನ್ ಮತ್ತು ಜಾಸ್ಮೊನೇಟ್‌ಗಳು ಎಲೆಯ ಮುಪ್ಪನ್ನು ಬೇಗ ತಂದು ರುಬಿಸ್ಕೊ ಪ್ರಮಾಣವನ್ನು ಇಳಿಸುತ್ತವೆ.

ಹಸಿರು ಸುಳ್ಳು ಹೇಳುವುದು ಎಲ್ಲಿ?

ಗೊಂದಲದ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಭತ್ತದ ಗದ್ದೆಯಲ್ಲಿ ಎಲೆ ಬಣ್ಣದ ಪಟ್ಟಿ ಹಿಡಿದು ಯೂರಿಯಾ ಕೊಡುವ ಪದ್ಧತಿ ಇದೆ. ಅದು ಸರಿಯಾದ ಪದ್ಧತಿಯೇ. ಸಾರಜನಕ ಹೆಚ್ಚಿದಂತೆ ಪತ್ರಹರಿತೂ ಹೆಚ್ಚುತ್ತದೆ, ರುಬಿಸ್ಕೊವೂ ಹೆಚ್ಚುತ್ತದೆ, ಹಾಗಾಗಿ ಒಂದರ ಬಣ್ಣದಿಂದ ಇನ್ನೊಂದನ್ನು ಅಂದಾಜು ಮಾಡಬಹುದು. ಆದರೆ ಈ ನಂಟು ಉಳಿಯುವುದು ಎಲೆಗೆ ಹಸಿರು ಬಣ್ಣ ಸಾರಜನಕದಿಂದ ಬಂದಾಗ ಮಾತ್ರ. ಬೇರೆ ದಾರಿಯಿಂದ ಹಸಿರು ಬಂದರೆ ನಂಟು ಕಡಿದುಹೋಗುತ್ತದೆ.

ಮೆಂಡಲ್ ಪ್ರಯೋಗಕ್ಕೆ ಬಳಸಿದ ಹಸಿರು ಬೀಜದ ಬಟಾಣಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಪತ್ರಹರಿತನ್ನು ಒಡೆಯುವ ವ್ಯವಸ್ಥೆಯ ಒಂದು ಜೀನು ಕೆಟ್ಟಿದೆ ಎಂಬುದು 2007ರಲ್ಲಿ ಖಚಿತವಾಯಿತು. ಇಂಥ ಗಿಡದ ಎಲೆ ಮುಪ್ಪಿನಲ್ಲೂ ಹಸಿರಾಗಿ ನಿಲ್ಲುತ್ತದೆ, ಆದರೆ ಒಳಗೆ ರುಬಿಸ್ಕೊ ಎಂದಿನಂತೆ ಕರಗುತ್ತ ಹೋಗುತ್ತದೆ. ನೋಡಲು ಹಸಿರು, ದುಡಿಮೆ ಇಲ್ಲ.

ನಮ್ಮ ಹೊಲಗಳಲ್ಲಿ ಇನ್ನೂ ಸಾಮಾನ್ಯವಾದ ಉದಾಹರಣೆ ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನನ್ನು ತಡೆಯುವ ರಾಸಾಯನಿಕಗಳು: ಮಾವಿಗೆ ಹಾಕುವ ಪ್ಯಾಕ್ಲೊಬ್ಯೂಟ್ರಜಾಲ್, ಹತ್ತಿಗೆ ಹೊಡೆಯುವ ಮೆಪಿಕ್ವಾಟ್ ಕ್ಲೋರೈಡ್, ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ಇವು ಗಿಡದ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ಎಲೆಯ ಕೋಶಗಳು ಚಿಕ್ಕದಾಗಿ, ಒತ್ತೊತ್ತಾಗಿ ಕೂರುತ್ತವೆ. ಅಷ್ಟೇ ಪತ್ರಹರಿತು ಕಡಿಮೆ ಜಾಗದಲ್ಲಿ ಸೇರಿಕೊಂಡು ಎಲೆ ಕಡು ಹಸಿರಾಗಿ ಕಾಣುತ್ತದೆ. ಒಂದು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ದ್ಯುತಿಸಂಶ್ಲೇಷಣೆ ತುಸು ಹೆಚ್ಚಿರಲೂಬಹುದು. ಆದರೆ ಇಡೀ ಗಿಡದ ಎಲೆಯ ವಿಸ್ತಾರ ಕುಗ್ಗಿರುವುದರಿಂದ ಒಟ್ಟು ದುಡಿಮೆ ಹೆಚ್ಚಿತೆಂದು ಹೇಳಲಾಗದು. ಇವುಗಳ ನಿಜವಾದ ಉಪಯೋಗ ಹೂ ಬರಿಸುವುದು, ಅತಿ ಬೆಳವಣಿಗೆ ತಡೆಯುವುದು. ಆ ಕೆಲಸಕ್ಕೆ ಅವು ಒಳ್ಳೆಯವೇ.

ಇನ್ನೊಂದು ದಾರಿ, ಬಾಟಲಿಯಲ್ಲೇ ಯೂರಿಯಾ, ಮೆಗ್ನೀಸಿಯಂ, ಕಬ್ಬಿಣ ಸೇರಿರುವುದು. ಕೊರತೆ ಇದ್ದ ಎಲೆ ಕೆಲವೇ ದಿನದಲ್ಲಿ ಹಸಿರಾಗುತ್ತದೆ, ದುಡಿಮೆಯೂ ಹೆಚ್ಚುತ್ತದೆ. ಆದರೆ ಆ ಗುಣ ಶೇಕಡ 2ರ ಯೂರಿಯಾ ದ್ರಾವಣಕ್ಕೂ, ಶೇಕಡ 1ರ ಮೆಗ್ನೀಸಿಯಂ ಸಲ್ಫೇಟಿಗೂ ಇದೆ, ಬಾಟಲಿಯ ಬೆಲೆಯ ಸಣ್ಣ ಪಾಲಿಗೇ ಸಿಗುತ್ತದೆ.

ಸಕ್ಕರೆ ತುಂಬಿದ ಎಲೆ ತಾನೇ ಕೆಲಸ ನಿಲ್ಲಿಸುತ್ತದೆ

ಎಲೆ ತಯಾರಿಸಿದ ಸಕ್ಕರೆ ಕಾಯಿಗೋ ಗೆಡ್ಡೆಗೋ ಹೋಗದೆ ಅಲ್ಲೇ ಕೂಡಿಬಿದ್ದರೆ, ರುಬಿಸ್ಕೊ ಸಣ್ಣ ತುಂಡಿನ ಜೀನು ಸೇರಿ ಹಲವು ಜೀನುಗಳು ತಣ್ಣಗಾಗುತ್ತವೆ. ಹಾಗಾಗಿ ಕಾಯಿಯ ಎಳೆತ ಹೆಚ್ಚಿಸುವ ಹಾರ್ಮೋನು, ಎಲೆಗೆ ತಾಗದೆಯೂ ಎಲೆಯ ಕಿಣ್ವವನ್ನು ಹುರಿದುಂಬಿಸಬಲ್ಲದು. ವಿಜಯಪುರದ ಬೀಜರಹಿತ ದ್ರಾಕ್ಷಿಯಲ್ಲಿ ಗೊಂಚಲನ್ನು ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದಿದಾಗ ಕಾಯಿ ಹಿಗ್ಗಿ ಸಕ್ಕರೆಗೆ ಬೇಡಿಕೆ ಏರುತ್ತದೆ. ಅದೇ ಕಾರಣಕ್ಕೆ, ಒಂದು ಬಳ್ಳಿಗೆ ಎಲೆಗಳು ಹೊರಲಾರದಷ್ಟು ಗೊಂಚಲು ಬಿಟ್ಟು ಅದ್ದಿದರೆ ಕಾಯಿ ಹಿಗ್ಗಿದರೂ ಸಿಹಿ ಏರುವುದಿಲ್ಲ.

ಹಾರ್ಮೋನಿನಿಂದ ಕೃಷಿಗೆ ಆದ ಅತಿ ದೊಡ್ಡ ಲಾಭವೂ ಎಲೆಯ ಕಿಣ್ವದಿಂದ ಬಂದದ್ದಲ್ಲ. ಗಿಡ್ಡ ಗೋಧಿ, 1966ರಲ್ಲಿ ಬಿಡುಗಡೆಯಾದ ಐಆರ್-8 ಭತ್ತ, ಎರಡರಲ್ಲೂ ಜಿಬ್ಬರೆಲಿನ್ ತಯಾರಿಕೆ ಅಥವಾ ಅದರ ಸ್ಪಂದನೆ ಕುಂದಿದೆ. ಕಾಂಡ ಗಿಡ್ಡವಾಯಿತು, ಗೊಬ್ಬರ ಕೊಟ್ಟರೂ ಬೆಳೆ ಬೀಳಲಿಲ್ಲ, ಹುಲ್ಲಿಗೆ ಹೋಗುತ್ತಿದ್ದದ್ದು ಕಾಳಿಗೆ ಹೋಯಿತು. ಇದಕ್ಕೊಂದು ಬೆಲೆಯನ್ನೂ ತೆತ್ತಿದ್ದೇವೆ. ಗಿಡ್ಡ ತಳಿಗಳಲ್ಲಿ ಕೂಡಿಕೊಳ್ಳುವ, ಬೆಳವಣಿಗೆಗೆ ಕಡಿವಾಣ ಹಾಕುವ ಡೆಲ್ಲಾ ಪ್ರೋಟೀನುಗಳು ಸಾರಜನಕ ಹೀರುವಿಕೆ ಮತ್ತು ಇಂಗಾಲ ಹಿಡಿಯುವ ಜೀನುಗಳನ್ನು ತಗ್ಗಿಸುತ್ತವೆ, ಜಿಆರ್‌ಎಫ್4 ಎಂಬ ಪ್ರೋಟೀನು ಹೆಚ್ಚಿದರೆ ಅದು ಸರಿಹೋಗುತ್ತದೆ ಎಂದು 2018ರಲ್ಲಿ ಚೀನಾದ ತಂಡ ಭತ್ತದಲ್ಲಿ ತೋರಿಸಿತು. ಗಿಡ್ಡವಾಗಿಯೇ ಉಳಿದು ಕಡಿಮೆ ಗೊಬ್ಬರದಲ್ಲಿ ಚೆನ್ನಾಗಿ ದುಡಿಯುವ ತಳಿಯ ದಾರಿ ಇದು. ನನ್ನ ದೃಷ್ಟಿಯಲ್ಲಿ ಬಾಟಲಿಗಿಂತ ಭರವಸೆಯ ದಾರಿಯೂ ಹೌದು.

ಎಲೆ ಹೆಚ್ಚು ದಿನ ಹಸಿರಾಗಿರುವುದು ಯಾವಾಗಲೂ ಒಳ್ಳೆಯದೇ ಎಂಬುದಕ್ಕೂ ಉತ್ತರ ಇದೆ. ಗೋಧಿಯಲ್ಲಿ ಮುಪ್ಪನ್ನು ಬೇಗ ತರುವ ಜೀನೊಂದನ್ನು ಕುಗ್ಗಿಸಿದಾಗ ಎಲೆ ಎಂದಿಗಿಂತ ಮೂರು ವಾರಕ್ಕೂ ಹೆಚ್ಚು ಕಾಲ ಹಸಿರಾಗಿ ನಿಂತಿತು, ಆದರೆ ಕಾಳಿನ ಪ್ರೋಟೀನು, ಸತು, ಕಬ್ಬಿಣ ಶೇಕಡ 30ಕ್ಕೂ ಹೆಚ್ಚು ಇಳಿದವು. 2006ರ ಈ ಫಲಿತಾಂಶದ ಅರ್ಥ ಸರಳ: ಎಲೆಯ ಕಣಜ ಒಡೆಯದಿದ್ದರೆ ಕಾಳಿಗೆ ಪಾಲು ಬರುವುದಿಲ್ಲ.

ಕಾನೂನಿನ ಎರಡು ಪೆಟ್ಟಿಗೆಗಳು

ಜಿಬ್ಬರೆಲಿಕ್ ಆಮ್ಲ, ಎನ್‌ಎಎ (ಆಕ್ಸಿನ್ ಎಂಬ ಹಾರ್ಮೋನಿನ ಕೃತಕ ರೂಪ), ಎಥೆಫಾನ್, ಟ್ರೈಕಾಂಟನಾಲ್, ಹೋಮೊಬ್ರಾಸಿನೊಲೈಡ್, ಪ್ಯಾಕ್ಲೊಬ್ಯೂಟ್ರಜಾಲ್ ಇವೆಲ್ಲ ಬೆಳವಣಿಗೆ ನಿಯಂತ್ರಕಗಳು. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಕಡಲಕಳೆಯ ಸಾರ, ಹ್ಯೂಮಿಕ್ ಆಮ್ಲ, ಅಮೈನೊ ಆಮ್ಲ, ಜೀವಸತ್ವ ಮುಂತಾದವು ಜೈವಿಕ ಉತ್ತೇಜಕಗಳು. ಇವನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದದ್ದು 2021ರ ಫೆಬ್ರುವರಿಯ ತಿದ್ದುಪಡಿ. ಅದರ ವ್ಯಾಖ್ಯೆಯೇ ಬೆಳವಣಿಗೆ ನಿಯಂತ್ರಕಗಳನ್ನು ಹೊರಗಿಡುತ್ತದೆ. ಉತ್ತೇಜಕದಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ ಮೀರುವಂತಿಲ್ಲ (ಒಂದು ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ನೀರಿನಲ್ಲಾದರೆ ಲೀಟರಿಗೆ 1 ಮಿಲಿಗ್ರಾಂ).

ಕಾಗದದ ಮೇಲೆ ಗಡಿ ಸ್ಪಷ್ಟ, ಗಿಡದೊಳಗೆ ಮಸುಕು. ಕಡಲಕಳೆಯಲ್ಲೇ ಸೈಟೊಕೈನಿನ್, ಆಕ್ಸಿನ್ ಸ್ವಾಭಾವಿಕವಾಗಿ ಇರುತ್ತವೆ. ಮೇಲಾಗಿ ಆಸ್ಕೊಫಿಲಂ ಎಂಬ ಕಡಲಕಳೆಯ ಸಾರದಲ್ಲಿ ಇರುವ ಹಾರ್ಮೋನಿನ ಪ್ರಮಾಣ ಬಹಳ ಕಡಿಮೆಯಾದರೂ, ಅದು ಗಿಡದ ಸ್ವಂತ ಸೈಟೊಕೈನಿನ್ ತಯಾರಿಕೆಯ ಜೀನುಗಳನ್ನೇ ಎಬ್ಬಿಸುತ್ತದೆ ಎಂದು 2013ರ ಒಂದು ಅಧ್ಯಯನ ತೋರಿಸಿದೆ. ಹಾರ್ಮೋನು ಇಲ್ಲದ ಬಾಟಲಿಯೂ ಹಾರ್ಮೋನಿನ ಮೂಲಕವೇ ಕೆಲಸ ಮಾಡಬಹುದು ಎಂದಾಯಿತು.

ಉದ್ಯಮದವರ ವಾದ ಇದನ್ನೇ ಆಧರಿಸಿದೆ. ನೈಸರ್ಗಿಕ ಸಾರದಲ್ಲಿ ಹತ್ತಾರು ಅಂಶಗಳಿರುತ್ತವೆ, ಒಂದೊಂದಕ್ಕೂ ಕಾರಣ ತೋರಿಸು ಎಂದರೆ ಸಾಧ್ಯವಿಲ್ಲ, ವಿಷಪರೀಕ್ಷೆಯ ಮತ್ತು ಕ್ಷೇತ್ರಪ್ರಯೋಗದ ವೆಚ್ಚ ಸಣ್ಣ ತಯಾರಕರನ್ನು ಮುಳುಗಿಸುತ್ತದೆ ಎನ್ನುತ್ತಾರೆ. ಸರ್ಕಾರದ ನಿಲುವು ಬೇರೆ. ಕೃಷಿ ವಿಶ್ವವಿದ್ಯಾಲಯ ಅಥವಾ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆಗಳಲ್ಲಿ, ಮೂರು ಕೃಷಿ ಹವಾಮಾನದ ತಾಣಗಳಲ್ಲಿ, ಮೂರು ಪ್ರಮಾಣಗಳಲ್ಲಿ ಕನಿಷ್ಠ ಒಂದು ಹಂಗಾಮು ಪರೀಕ್ಷಿಸಿ ತೋರಿಸಿ ಎನ್ನುತ್ತದೆ. ವೆಚ್ಚದ ದೂರಿನಲ್ಲಿ ಹುರುಳಿದೆ. ಆದರೆ ಪರೀಕ್ಷೆಯ ಬೇಡಿಕೆ ಅತಿಯಾಯಿತು ಎನ್ನಲಾಗದು. ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲಾಗದ ವಸ್ತು, ಕೆಲಸ ಮಾಡುತ್ತದೆ ಎಂದಾದರೂ ತೋರಿಸಬೇಕಲ್ಲವೇ? ಒಂದೇ ಹಂಗಾಮು ಸಾಕೆನ್ನುವುದು ನನ್ನ ಮಟ್ಟಿಗೆ ಸಡಿಲವೇ: ಒಳ್ಳೆ ಮಳೆಯ ವರ್ಷದ ಫಲ ಬರದ ವರ್ಷಕ್ಕೆ ಹೊಂದುವುದಿಲ್ಲ.

ಪಟ್ಟಿ ಕಿರಿದಾದಂತೆ ಎರಡು ಪರಿಣಾಮ ನಿರೀಕ್ಷಿತ. ದಾಖಲೆ ಇರುವ ಕಂಪನಿಗಳ ಪಾಲು ಹಿಗ್ಗಿ ಬೆಲೆ ಏರಬಹುದು. ಪಟ್ಟಿಯಿಂದ ಹೊರಬಿದ್ದ ಸರಕು ‘ಸಾವಯವ’, ‘ಸೂಕ್ಷ್ಮ ಪೋಷಕಾಂಶ’ ಎಂಬ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ಮರಳಬಹುದು. ಚೀಟಿಯಲ್ಲಿ ಹೇಳದೆ ಬೆಳವಣಿಗೆ ನಿಯಂತ್ರಕ ಬೆರೆಸುವ ಅಪಾಯ ಇಲ್ಲೇ ಹೆಚ್ಚು.

ಪ್ರಮಾಣದ ಲೆಕ್ಕ ಮತ್ತು ಎಡವುವ ಜಾಗಗಳು

ಜಿಬ್ಬರೆಲಿಕ್ ಆಮ್ಲ 0.001% ಎಂದಿರುವ ಬಾಟಲಿಯ ಒಂದು ಲೀಟರಿನಲ್ಲಿ ಇರುವುದು 10 ಮಿಲಿಗ್ರಾಂ. ಲೀಟರ್ ನೀರಿಗೆ 1 ಮಿಲಿಲೀಟರ್ ಬೆರೆಸಿದರೆ ಸಿಗುವುದು 0.01 ಪಿಪಿಎಂ. ದ್ರಾಕ್ಷಿಗೆ ಬಳಸುವುದು 10ರಿಂದ 40 ಪಿಪಿಎಂ, ಅಂದರೆ ಸಾವಿರದಿಂದ ನಾಲ್ಕು ಸಾವಿರ ಪಟ್ಟು. ಎರಡರ ಹೆಸರು ಒಂದೇ ಎಂದು ಗುಣವೂ ಒಂದೇ ಎಂದುಕೊಳ್ಳಬಾರದು. ಹೋಮೊಬ್ರಾಸಿನೊಲೈಡ್ 0.04% ಆದರೆ ಲೀಟರಿಗೆ 0.5 ಮಿಲಿಲೀಟರ್ ಬೆರೆಸಿದಾಗ 0.2 ಪಿಪಿಎಂ. ಎನ್‌ಎಎ 4.5% ಆದರೆ 1 ಮಿಲಿಲೀಟರನ್ನು 4.5 ಲೀಟರಿಗೆ ಬೆರೆಸಿದರೆ 10 ಪಿಪಿಎಂ.

ಮೆಣಸಿನಕಾಯಿಯಲ್ಲಿ ಹೂ ಉದುರದಿರಲಿ ಎಂದು ಹೊಡೆಯುವ ಎನ್‌ಎಎ ಹೆಚ್ಚಾದರೆ ಹೂ ಇನ್ನಷ್ಟು ಉದುರುತ್ತದೆ. ಕಾರಣ, ಆಕ್ಸಿನ್ ಅತಿಯಾದಾಗ ಗಿಡ ಎಥಿಲೀನ್ ಉತ್ಪಾದಿಸುತ್ತದೆ, ಎಥಿಲೀನ್ ಹೂವಿನ ತೊಟ್ಟನ್ನು ಸಡಿಲಿಸುತ್ತದೆ, ಎಲೆಯನ್ನು ಮುಪ್ಪಿಗೆ ತಳ್ಳುತ್ತದೆ. ಕಳೆನಾಶಕ 2,4-ಡಿ ಕೂಡ ಆಕ್ಸಿನ್ ಜಾತಿಯದೇ ಎಂಬುದನ್ನು ನೆನಪಿಟ್ಟರೆ ‘ಸ್ವಲ್ಪ ಜಾಸ್ತಿ ಇರಲಿ’ ಎಂಬ ಧಾರಾಳ ಬಿಟ್ಟುಹೋಗುತ್ತದೆ. ಜಿಬ್ಬರೆಲಿಕ್ ಆಮ್ಲ ಕ್ಷಾರದಲ್ಲಿ ಕೆಡುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ, ಬೋರ್ಡೊ ದ್ರಾವಣದ ಜೊತೆಯಲ್ಲಿ ಅದನ್ನು ಬೆರೆಸಬಾರದು. ಅದರ ಪುಡಿ ನೀರಿನಲ್ಲಿ ಸುಲಭವಾಗಿ ಕರಗದು, ಮೊದಲು ಸ್ವಲ್ಪ ಆಲ್ಕೊಹಾಲಿನಲ್ಲಿ ಕರಗಿಸಬೇಕು.

ಬೆಳೆ ಬಾಡಿರುವಾಗ ಹೊಡೆಯುವುದು ಮತ್ತೊಂದು ಸಾಮಾನ್ಯ ತಪ್ಪು. ಆಗ ರಂಧ್ರ ಮುಚ್ಚಿರುತ್ತದೆ, ದ್ರಾವಣ ಬಿಸಿಲಿಗೆ ಬೇಗ ಒಣಗುತ್ತದೆ, ಎಲೆಯೊಳಗೆ ಇಳಿಯುವುದು ಕಡಿಮೆ. ಸಾರಜನಕದ ಕೊರತೆ ಇರುವ ಬೆಳೆಗೆ ಹೊಡೆದರೆ ಹೊಸ ಚಿಗುರಿಗಾಗಿ ಗಿಡ ಹಳೆ ಎಲೆಯ ರುಬಿಸ್ಕೊವನ್ನೇ ಒಡೆಯುತ್ತದೆ, ಮೇಲೆ ಹಸಿರು, ಕೆಳಗೆ ಹಳದಿ ಕಾಣುತ್ತದೆ.

ಹೊಲದಲ್ಲೇ ಪರೀಕ್ಷಿಸುವುದು ಹೇಗೆ?

ಕೊಳ್ಳುವ ಮೊದಲು ಚೀಟಿ ನೋಡಿ. ಉತ್ತೇಜಕವಾದರೆ ಅಧಿಸೂಚನೆಯಲ್ಲಿ ಅದರ ಘಟಕ, ಯಾವ ಬೆಳೆಗೆ, ಎಷ್ಟು ಪ್ರಮಾಣ ಎಂಬುದೆಲ್ಲ ಇರುತ್ತದೆ. ಟೊಮೆಟೊಗೆ ಒಪ್ಪಿಗೆ ಪಡೆದದ್ದು ಅಡಿಕೆಗೂ ಆಗುತ್ತದೆ ಎಂಬ ಅಂಗಡಿಯವರ ಮಾತಿಗೆ ಆಧಾರವಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಖಚಿತ ಮಾಡಿಕೊಳ್ಳಬಹುದು. ಬಿಲ್ಲನ್ನು ಬ್ಯಾಚ್ ಸಂಖ್ಯೆಯೊಂದಿಗೆ ಪಡೆಯಿರಿ.

ಹೊಲದಲ್ಲಿ ಮೂರು ಪಟ್ಟಿ ಮಾಡಿ: ಒಂದಕ್ಕೆ ಬರೀ ನೀರು ಮತ್ತು ಅಂಟು, ಒಂದಕ್ಕೆ ಶೇಕಡ 2ರ ಯೂರಿಯಾ (10 ಲೀಟರಿಗೆ 200 ಗ್ರಾಂ), ಒಂದಕ್ಕೆ ಟಾನಿಕ್. ಮೂರಕ್ಕೂ ಮಣ್ಣು, ನೀರು, ಬಿತ್ತಿದ ದಿನ ಒಂದೇ ಇರಬೇಕು. ಬದುವಿನ ಸಾಲು, ನೀರು ನಿಲ್ಲುವ ಮೂಲೆ ಬೇಡ. ಸಾಧ್ಯವಾದರೆ ಹೊಲದ ಇನ್ನೊಂದು ಭಾಗದಲ್ಲೂ ಇದೇ ಮೂರನ್ನು ಪುನರಾವರ್ತಿಸಿ. ಕೊಯ್ಲಿನಲ್ಲಿ ಪ್ರತಿ ಪಟ್ಟಿಯ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಅಳೆದು ಕಾಳನ್ನು ಒಣಗಿಸಿ ತೂಗಿ. ಯೂರಿಯಾ ಪಟ್ಟಿಯ ಇಳುವರಿ ಟಾನಿಕ್ ಪಟ್ಟಿಗೆ ಸಮನಾಗಿ ಬಂದರೆ ಆ ಹೊಲಕ್ಕೆ ಬೇಕಿದ್ದದ್ದು ಸಾರಜನಕ ಎಂದು ತಿಳಿಯಿರಿ. ಎರಡೂ ಬರೀ ನೀರಿನ ಪಟ್ಟಿಗಿಂತ ಮೇಲೇಳದಿದ್ದರೆ ಅಡಚಣೆ ನೀರಿನಲ್ಲೋ, ಬೇರಿನಲ್ಲೋ, ಇನ್ನೊಂದು ಪೋಷಕಾಂಶದಲ್ಲೋ ಇದೆ. ಮುಂದಿನ ಹಂಗಾಮಿನ ಬಾಟಲಿ ದುಡ್ಡನ್ನು ಮಣ್ಣು ಪರೀಕ್ಷೆಗೆ ಹಾಕುವುದು ಲೇಸು. ಟಾನಿಕ್ ಪಟ್ಟಿ ಎರಡು ಕಡೆಯೂ ಉಳಿದೆರಡನ್ನು ಮೀರಿಸಿದರೆ, ಹೆಚ್ಚು ಬಂದ ಕಾಳಿನ ಬೆಲೆಯಲ್ಲಿ ಬಾಟಲಿಯ ಮತ್ತು ಸಿಂಪಡಣೆ ಕೂಲಿಯ ಖರ್ಚು ಕಳೆದು ಉಳಿಯುವುದೆಷ್ಟು ಎಂದು ನೋಡಿ, ಮುಂದಿನ ಹಂಗಾಮಿಗೆ ಅದೇ ಬ್ಯಾಚಿನದಲ್ಲದ ಬಾಟಲಿಯಿಂದ ಇನ್ನೊಮ್ಮೆ ಪರೀಕ್ಷಿಸಿ.